ಸಾಣೆಕಲ್ಲು, ಸಾಬೂನು ಮತ್ತು ನಾಲ್ವಡಿ ಕೃಷ್ಣರಾಜ ಒಡೆಯರವರು

ಸುಳ್ಯದಿಂದ ಮಡಿಕೇರಿಗೆ ಏರುವ ಹೆದ್ದಾರಿಯಲ್ಲಿ, ಘಟ್ಟದ ಬುಡದಲ್ಲಿ, ಸಂಪಾಜೆಯೆಂಬ ಊರಿರುವುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಪಯಸ್ವಿನಿಯ ಕಣಿವೆಯಲ್ಲಿ ಒಂದೇ ಹೆಸರಿನ ಎರಡು ಗ್ರಾಮಗಳು. ಒಂದು ದಕ್ಷಿಣ ಕನ್ನಡಕ್ಕೆ ಸೇರಿದುದು, ಇನ್ನೊಂದು ಕೊಡಗಿಗೆ. ಕೆಲವು ದಿನಗಳ ಹಿಂದೆ ನಾವು ಮೈಸೂರಿಗೆ ಹೊರಟಿದ್ದ ಬಸ್ಸು ಅಲ್ಲಿ ಗಾಲಿ ಕೆಟ್ಟು ನಿಂತಿತು. ಬೆಳಗಿನ ಜಾವದ ಅವಸರದಲ್ಲಿ ಮುಖಕ್ಷೌರ ಮಾಡಿಕೊಳ್ಳದೆ ಹೊರಟಿದ್ದೆವಾದುದರಿಂದ ಎದುರಿಗಿದ್ದ ಕ್ಷೌರದಂಗಡಿಯೊಳಗೆ ಕಾಲಿಟ್ಟೆವು. ಅಂಗಡಿಯ ಯಜಮಾನರು ವೃದ್ಧರು. ಕನ್ನಡಿಯ ಮೇಲೆ ಗೋಡೆಗೆ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರವರ ಭಾವಚಿತ್ರ ತೂಗುಹಾಕಿತ್ತು. ಸಂಪಾಜೆಯಲ್ಲಿ ಈ ಚಿತ್ರವೆಲ್ಲಿಂದ ಬಂದಿತೆಂದು ನಮಗೆ ಸೋಜಿಗವಾಯಿತು. ಇತ್ತ ದಕ್ಷಿಣ ಕನ್ನಡವು ಮದರಾಸಿಗೆ, ಅತ್ತ ಕೊಡಗು ನೇರವಾಗಿ ಬ್ರಿಟಿಷರಿಗೆ ಒಳಪಟ್ಟಿದ್ದುವು. ಈ ಎರಡೂ ನೆಲದ ಮೇಲೆ ಆ ಪ್ರಭುಗಳ ಆಳ್ವಿಕೆ ಎಂದೂ ನಡೆದುದಲ್ಲ.

ಅಂಗಡಿಯ ಬಡುವಿನಲ್ಲಿ ಎರಡು ಬಗೆಯ ಸಾಮಗ್ರಿ ಇದ್ದಿತು. ಕೆಳಗಿನ ಸಾಲಿನಲ್ಲಿ ಒತ್ತಿದರೆ ನೊರೆ ಕಕ್ಕುವ ತಗಡಿನ ಡಬ್ಬಿಗಳೂ, ಚಂದನದ ಕೊರಡಿನ ಬಣ್ಣದ ಚಿತ್ರವಿದ್ದ ಕೊಳವೆಗಳೂ. ಮೇಲಿನ ಸಾಲಿನಲ್ಲಿ ಒಂದು ಬಿರುಗೂದಲಿನ ಕುಂಚ, ಹಿತ್ತಾಳೆಯ ಬಟ್ಟಲು, ಬಿಲ್ಲೆಯಾಗಿ ಕಟ್ಟಿದ ಕ್ಷೌರದ ಸಾಬೂನು, ಒಂದು ತುಂಡು ಪಟಿಕ, ಮತ್ತು ಮೈಸೂರು ಸ್ಯಾಂಡಲ್ ಸಾಬೂನಿನ ಪೆಟ್ಟಿಗೆ. ಯಾವುದು ಬೇಕೆಂದು ಅವರು ಕೇಳಿದರು. ನಾವು ಆಯ್ಕೆಯನ್ನು ಅವರಿಗೇ ಬಿಟ್ಟೆವು. ಅವರು ಕೈಹಾಕಿದುದು ಮೇಲಿನ ಸಾಲಿಗೆ. ಕತ್ತಿಗೆ ಹೊಸ ಅಲಗನ್ನು ನಮ್ಮೆದುರಿನಲ್ಲಿಯೇ ಸಿಕ್ಕಿಸಿ, ಬಿಸಿನೀರಿನಿಂದ ಗಡ್ಡವನ್ನು ಚೆನ್ನಾಗಿ ನೆನೆಯಿಸಿ, ಕುಂಚವನ್ನು ಬಿಲ್ಲೆಯ ಮೇಲೆ ನಿಧಾನವಾಗಿ ತಿರುವುತ್ತ ತಮ್ಮ ಕಾರಣಗಳನ್ನು ಹೇಳಿದರು. ಈ ವಿದ್ಯೆಯಲ್ಲಿ ನಾವು ಕಲಿತದ್ದಕ್ಕಿಂತ ಹೆಚ್ಚಿನದು ಆ ಕಾಲುಗಂಟೆಯಲ್ಲಿ ತಿಳಿಯಿತೆಂದರೆ ಉತ್ಪ್ರೇಕ್ಷೆಯಾಗದು.

ಸ್ನಾನದ ಸಾಬೂನು ಬೇರೆ, ಕ್ಷೌರದ ಸಾಬೂನು ಬೇರೆ. ಮೊದಲನೆಯದನ್ನು ಸೋಡಾ ಕ್ಷಾರದಿಂದ ಕಟ್ಟುತ್ತಾರೆ. ಅದರ ನೊರೆ ಬೇಗ ಏಳುತ್ತದೆ, ಬೇಗ ಒಣಗುತ್ತದೆ. ಎರಡನೆಯದಕ್ಕೆ ಪೊಟ್ಯಾಶ್ ಕ್ಷಾರವನ್ನೂ ಸ್ಟಿಯರಿಕ್ ಆಮ್ಲವನ್ನೂ ಹೆಚ್ಚಾಗಿ ಸೇರಿಸುವುದರಿಂದ ನೊರೆಯು ಬೆಣ್ಣೆಯಂತೆ ದಟ್ಟವಾಗಿ, ನೀರನ್ನು ಹಿಡಿದುಕೊಂಡು, ಅಲಗು ಓಡಾಡುವಷ್ಟು ಕಾಲ ಕೆನ್ನೆಯ ಮೇಲೆ ನಿಲ್ಲುತ್ತದೆ. ಆದ್ದರಿಂದ ಗಂಧದ ಸಾಬೂನನ್ನು ಅವರು ಕ್ಷೌರಕ್ಕೆ ಬಳಸುವುದಿಲ್ಲ; ಕೆಲಸ ಮುಗಿದಮೇಲೆ ಮುಖ ತೊಳೆಯಲು ಕೊಡುತ್ತಾರೆ. ಅದಕ್ಕೆ ಮುಂಚೆ ಒದ್ದೆ ಮುಖಕ್ಕೆ ಪಟಿಕವನ್ನು ಸವರುವುದುಂಟು. ಸಣ್ಣ ಗೀರುಗಳಿಂದ ಒಸರುವ ರಕ್ತವು ಅದರಿಂದ ಕಟ್ಟಿಹೋಗುತ್ತದೆ. ಕೊಳವೆಯ ಮೇಲಿನ ಚಂದನದ ಚಿತ್ರವನ್ನು ನಂಬಬಾರದೆಂದೂ, ಅಡಿಯಲ್ಲಿ ಸಣ್ಣಕ್ಷರದಲ್ಲಿ ಬರೆದ ಪದಾರ್ಥಗಳ ಪಟ್ಟಿಯಲ್ಲಿ ಗಂಧದೆಣ್ಣೆಯ ಹೆಸರು ಇದೆಯೇ ಎಂದು ನೋಡಬೇಕೆಂದೂ ಅವರು ಎಚ್ಚರಿಸಿದರು. ಇದು ಸರಿಯಾದ ಮಾತೇ. ಗಂಧದ ವಾಸನೆಯನ್ನು ಅನುಕರಿಸುವ ಕೃತಕ ದ್ರವ್ಯಗಳು ಇಂದು ಹೇರಳವಾಗಿವೆ, ಅಗ್ಗವೂ ಆಗಿವೆ. ಸಾಬೂನಾದರೆ ಕೊಬ್ಬಿನಂಶವೆಷ್ಟೆಂಬುದನ್ನೂ ಹೊದಿಕೆಯ ಮೇಲೆ ನೋಡಬಹುದು. ನೂರಕ್ಕೆ ೭೬ ಅಥವಾ ಅದಕ್ಕೆ ಮೇಲ್ಪಟ್ಟು ಇದ್ದುದು ಮೊದಲ ದರ್ಜೆಯದು.

ನಮ್ಮ ಹಿರಿಯರ ಕಾಲದಲ್ಲಿ ಈ ಪಟ್ಟಿ ಓದುವ ತೊಂದರೆ ಇರಲಿಲ್ಲ. ಕತ್ತಿಯನ್ನು ಮಸೆಯುವುದೂ ಸಾಣೆಕಲ್ಲಿನ ಮೇಲೆ, ಗಂಧವನ್ನು ತೇಯುವುದೂ ಸಾಣೆಕಲ್ಲಿನ ಮೇಲೆ; ಒಂದು ಕಲ್ಲು ಕ್ಷೌರಿಕನ ಚೀಲದಲ್ಲಿ, ಇನ್ನೊಂದು ದೇವರ ಕೋಣೆಯಲ್ಲಿ. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರು.

ಭಾವಚಿತ್ರದ ವಿಷಯ ಕೇಳಿದಾಗ ಆ ವೃದ್ಧರು ಹೇಳಿದುದು ನಮ್ಮನ್ನು ಬಹುವಾಗಿ ಯೋಚನೆಗೆ ಹಚ್ಚಿತು. ಅವರ ಪೂರ್ವಿಕರು ಹುಣಸೂರು ತಾಲ್ಲೂಕಿನವರು. ಚಿತ್ರವು ತಾತನದು, ತಾತನು ಪ್ರತಿದಿನವೂ ಅದಕ್ಕೆ ಕೈಮುಗಿಯುತ್ತಿದ್ದನು. ಆದರೆ ಅದೇ ತಾತನು ತನ್ನ ಹೊಲದ ಬೇಲಿಯಲ್ಲಿ ಹಕ್ಕಿಗಳು ಬಿತ್ತಿದ ಗಂಧದ ಸಸಿ ಎದ್ದರೆ, ಯಾರೂ ನೋಡುವ ಮುನ್ನ ಅದನ್ನು ಕಿತ್ತೆಸೆಯುತ್ತಿದ್ದನಂತೆ. ಮರ ಬೆಳೆದರೆ ಅದು ಸರಕಾರದ್ದು. ಕಳುವಾದರೆ ಜವಾಬ್ದಾರಿ ಹೊಲದವನದು. ಸಾಬೂನನ್ನು ಕೊಟ್ಟ ದೊರೆ ಇವರೇ ಅಲ್ಲವೇ, ಸಸಿಯ ಕಟ್ಟಳೆಯೂ ಇವರದೇ ಅಲ್ಲವೇ ಎಂದು ಅವರು ಕೇಳಿದರು. ನಾವು ಕೂಡಲೇ ತಕ್ಕ ಉತ್ತರ ಕೊಡಲಾರದೆ ಹೋದೆವು. ಈ ಬರಹವು ಆ ಉತ್ತರದ ಬಾಕಿಯನ್ನು ತೀರಿಸುವ ಪ್ರಯತ್ನ.

ಕೃಷ್ಣರಾಜ ಒಡೆಯರವರು ಜನಿಸಿದುದು ೧೮೮೪ನೆಯ ಇಸವಿ ಜೂನ್ ೪ರಂದು. ತಂದೆ ಚಾಮರಾಜೇಂದ್ರ ಒಡೆಯರವರು ೧೮೯೪ರ ಡಿಸೆಂಬರ್ ೨೮ರಂದು ಕಲ್ಕತ್ತೆಯಲ್ಲಿ ಗಂಟಲುಮಾರಿಗೆ ತುತ್ತಾಗಿ ಅಕಾಲಮರಣವನ್ನು ಹೊಂದಿದಾಗ ಮಗನಿಗೆ ಹತ್ತು ವರ್ಷ ಮಾತ್ರ. ಪಟ್ಟವು ಬಾಲಕನಿಗಾಯಿತು, ರಾಜ್ಯಭಾರವನ್ನು ತಾಯಿ ವಾಣೀವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು ೧೯೦೨ರವರೆಗೆ ವಹಿಸಿದರು. ಆ ಏಳೆಂಟು ವರ್ಷಗಳು ಸಂಸ್ಥಾನಕ್ಕೆ ಸುಖದ ವರ್ಷಗಳಲ್ಲ. ೧೮೯೭ರಲ್ಲಿ ಹಳೆಯ ಅರಮನೆಯು ಬೆಂಕಿಗೆ ಆಹುತಿಯಾಯಿತು. ಮರುವರ್ಷ ಪ್ಲೇಗು ನುಗ್ಗಿತು. ವಿಧವೆಯಾದ ಆ ತಾಯಿಯ ದೃಢತೆಯನ್ನು ನೆನೆಯದೆ ಮಗನ ಚರಿತ್ರೆಯನ್ನು ಬರೆಯುವವರು ಅರ್ಧ ಚರಿತ್ರೆಯನ್ನೇ ಬರೆಯುತ್ತಾರೆ.

ಬಾಲಕನ ಶಿಕ್ಷಣ ನಡೆದುದು ಮೈಸೂರಿನ ಲೋಕರಂಜನ ಮಹಲಿನಲ್ಲಿ. ಸಂಸ್ಕೃತ, ಕನ್ನಡ, ಇಂಗ್ಲಿಷು, ಕುದುರೆ ಸವಾರಿ, ವೀಣೆ, ಪಿಟೀಲು ಎಲ್ಲವೂ ಇದ್ದುವು. ಕಾನೂನು ಮತ್ತು ಕಂದಾಯದ ಪಾಠವನ್ನು ಫ್ರೇಸರ್ ಎಂಬ ಆಂಗ್ಲ ಅಧಿಕಾರಿ ನೋಡಿಕೊಂಡನು. ೧೯೦೨ರ ಆಗಸ್ಟ್ ೮ರಂದು ವೈಸರಾಯ್ ಕರ್ಜನ್ ತಾನೇ ಮೈಸೂರಿಗೆ ಬಂದು ಹದಿನೆಂಟು ವರ್ಷದ ತರುಣನಿಗೆ ಅಧಿಕಾರವನ್ನು ವಹಿಸಿದನು. ನಮ್ಮ ರಾಜರು ತಮ್ಮ ಸಿಂಹಾಸನದ ಅಧಿಕಾರವನ್ನು ಪರದೇಶದವನೊಬ್ಬನ ಕೈಯಿಂದ ಪಡೆಯಬೇಕಾಗಿದ್ದಿತೆಂಬ ಅವಮಾನವನ್ನು ಇಲ್ಲಿ ಮರೆಯಬಾರದು. ಆ ಮಿತಿಯೊಳಗೆ ಅವರು ಏನು ಮಾಡಿದರೆಂಬುದೇ ವಿಚಾರ.

ಮಾಡಿದುದನ್ನೆಲ್ಲ ಪಟ್ಟಿಮಾಡಲು ಇಲ್ಲಿ ಸ್ಥಳವಿಲ್ಲ, ಅದು ಶಾಲೆಯ ಮಕ್ಕಳಿಗೂ ತಿಳಿದುದೇ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದುವು. ೧೯೦೭ರಲ್ಲಿ ನ್ಯಾಯವಿಧಾಯಕ ಸಭೆ, ೧೯೧೩ರಲ್ಲಿ ಮೈಸೂರು ಬ್ಯಾಂಕು, ೧೯೧೫ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, ೧೯೧೬ರಲ್ಲಿ ವಿಶ್ವವಿದ್ಯಾನಿಲಯ, ಕನ್ನಂಬಾಡಿಯ ಅಣೆಕಟ್ಟು, ಭದ್ರಾವತಿಯ ಕಬ್ಬಿಣ. ೧೯೧೨ರಿಂದ ೧೯೧೮ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರ ಹೆಸರು ಇವುಗಳಲ್ಲಿ ಅನೇಕಕ್ಕೆ ಅಂಟಿಕೊಂಡಿರುವುದು ನ್ಯಾಯವೇ. ನಮ್ಮ ಕ್ಷೌರಿಕ ಮಹಾಶಯರ ಪ್ರಶ್ನೆ ಇದ್ದುದು ಗಂಧದ ವಿಷಯದಲ್ಲಿ, ಅದಕ್ಕೇ ಬರೋಣ.

ಗಂಧದ ಮರವು ವಿಚಿತ್ರ ಸ್ವಭಾವದ್ದು. ನೆಲದಡಿಯಲ್ಲಿ ನೆರೆಯ ಗಿಡಗಳ ಬೇರಿಗೆ ತನ್ನ ಬೇರನ್ನು ತಗುಲಿಸಿ ಅವುಗಳ ಸಾರವನ್ನು ಹೀರಿ ಬದುಕುತ್ತದೆ. ಸಂಪಾಜೆಯಂಥ ಮಳೆಯ ನಾಡಿನಲ್ಲಿ, ಕೊಬ್ಬಿದ ಮಣ್ಣಿನಲ್ಲಿ ಅದು ಸೊಂಪಾಗಿ ಬೆಳೆದರೂ ತಿರುಳು ಕಡಮೆ, ವಾಸನೆಯೂ ಕಡಮೆ. ಹುಣಸೂರು, ಹೆಗ್ಗಡದೇವನಕೋಟೆ, ಶಿವಮೊಗ್ಗದ ಒಣ ಸೀಮೆಗಳಲ್ಲಿ ಕಲ್ಲುನೆಲದೊಡನೆ ಹೆಣಗಿ ಮೆಲ್ಲಗೆ ಬೆಳೆದ ಮರದ ತಿರುಳೇ ಎಣ್ಣೆಯುಳ್ಳದ್ದು. ಒಳ್ಳೆಯ ತಿರುಳು ಕೂಡಲು ಮೂವತ್ತು ವರ್ಷಗಳಾದರೂ ಬೇಕು. ಹೀಗಾಗಿ ಘಟ್ಟದ ಮೇಲಿನ ಕೊರಡುಗಳು ದಾರಿಹಿಡಿದು ಇಳಿದು ಮಂಗಳೂರಿನ ಬಂದರಿನಿಂದ ಕಡಲು ದಾಟುತ್ತಿದ್ದುವು. ಟಿಪ್ಪೂ ಸುಲ್ತಾನನು ೧೭೯೨ರಲ್ಲಿ ಈ ಮರವನ್ನು ರಾಜವೃಕ್ಷವೆಂದು ಸಾರಿದನು. ಯಾರ ಹೊಲದಲ್ಲಿ ಬೆಳೆದರೂ ಅದು ದೊರೆಯದು. ಸುಲ್ತಾನನು ಹೋದನು, ಅವನ ವಿರುದ್ಧ ಯುದ್ಧಮಾಡಿದ ಬ್ರಿಟಿಷರೂ, ಅವರ ತರುವಾಯ ಒಡೆಯರೂ ಅವನ ಎಷ್ಟೋ ಶಾಸನಗಳನ್ನು ಅಳಿಸಿದರು. ಈ ಒಂದನ್ನು ಮಾತ್ರ ಎಲ್ಲರೂ ಜೋಪಾನವಾಗಿ ಕಾಪಾಡಿಕೊಂಡರು. ಕೊಡಗಿನಲ್ಲಿಯೂ ರಾಜರ ಕಾಲದಿಂದ ಹೀಗೆಯೇ ನಡೆದಿತ್ತು.

ಕೃಷ್ಣರಾಜರಿಗೆ ಪಿತ್ರಾರ್ಜಿತವಾಗಿ ಬಂದುದು ಈ ಕಟ್ಟಳೆ. ಮರವನ್ನು ಬೇರುಸಹಿತ ಅಗೆದು, ಬಿಳಿಯ ಹೊರಪದರವನ್ನು ಕೆತ್ತಿ, ತಿರುಳನ್ನು ತರಗತಿಗಳಾಗಿ ವಿಂಗಡಿಸಿ ಕೋಠಿಗಳಲ್ಲಿ ಹರಾಜುಹಾಕುವುದು; ಹಣ ಖಜಾನೆಗೆ ಸೇರುವುದು. ಕೊಂಡವರು ಅದನ್ನು ಯೂರೋಪಿಗೆ, ಅದರಲ್ಲಿಯೂ ಜರ್ಮನಿಗೆ, ಸಾಗಿಸಿ ಎಣ್ಣೆಯನ್ನು ಇಳಿಸುತ್ತಿದ್ದರು. ಎಣ್ಣೆಯಿಂದ ಅತ್ತರು, ಔಷಧ, ಸಾಬೂನು ಆಗಿ ಅದರಲ್ಲಿ ಕೆಲಭಾಗ ಇಮ್ಮಡಿ ಮುಮ್ಮಡಿ ಬೆಲೆಗೆ ನಮ್ಮ ಪೇಟೆಗೇ ಹಿಂದಿರುಗುವುದು. ಹತ್ತಿಯ ಕಥೆಯೂ ಇದೇ, ಎಣ್ಣೆಕಾಳಿನ ಕಥೆಯೂ ಇದೇ. ಅದರ ಮೇಲೆ ೧೮೯೯ರಲ್ಲಿ ಕೊಡಗಿನಲ್ಲಿ ಮೊದಲು ಕಂಡ ಕದಿರುರೋಗವು ಮೈಸೂರಿಗೂ ಹಬ್ಬಿ, ಎಲೆಗಳು ಮುರುಟಿ ಕದಿರಿನಂತಾಗಿ ಮರಗಳು ಲಕ್ಷಗಟ್ಟಲೆ ಸತ್ತುವು. ಅದರ ಕಾರಣವಾದ ಸೂಕ್ಷ್ಮಜೀವಿಯ ಗುರುತು ಸಿಕ್ಕಿದುದು ೧೯೬೯ರಲ್ಲಿ. ಕೃಷ್ಣರಾಜರ ಆಳ್ವಿಕೆಯ ಉದ್ದಕ್ಕೂ ಅದು ತಿಳಿಯದ ಮಾರಿಯಾಗಿಯೇ ಇದ್ದಿತು.

೧೯೧೪ರಲ್ಲಿ ಮಹಾಯುದ್ಧವು ಒದಗಿತು. ಜರ್ಮನಿಯ ಬಾಗಿಲು ಮುಚ್ಚಿತು; ಕೋಠಿಗಳಲ್ಲಿ ಕೊರಡು ಕೇಳುವವರಿಲ್ಲದೆ ಬಿದ್ದಿತು. ಇಂಥ ಸಂದರ್ಭದಲ್ಲಿ ಬೆಲೆಯನ್ನು ಇಳಿಸಿ ಲಂಡನ್ನಿನ ವರ್ತಕರಿಗೆ ಮಾರಿ ಕೈತೊಳೆದುಕೊಳ್ಳುವುದೇ ಸುಲಭದ ದಾರಿಯಾಗಿದ್ದಿತು. ಮೈಸೂರು ಆ ದಾರಿಯನ್ನು ಹಿಡಿಯಲಿಲ್ಲ. ಎಣ್ಣೆಯನ್ನು ನಾವೇ ಇಳಿಸಿದರೇನು ಎಂಬ ಪ್ರಶ್ನೆ ಹುಟ್ಟಿತು. ಹಂಡೆಯಲ್ಲಿ ಬೇಯಿಸಿ ಗಂಧದೆಣ್ಣೆ ಇಳಿಸುವ ವಿದ್ಯೆ ನಮ್ಮ ದಕ್ಷಿಣ ಕನ್ನಡದ ಕೆಲವು ಮನೆಗಳಲ್ಲಿ ಹಿಂದೆ ಇದ್ದುದೇ. ಆದರೆ ಆ ಎಣ್ಣೆ ಸ್ವಲ್ಪ, ಕಪ್ಪು, ಹೊಗೆವಾಸನೆಯದು. ಬೇಕಾಗಿದ್ದುದು ಹಬೆಯಿಂದ ಇಳಿಸುವ ಶುದ್ಧವಾದ ಎಣ್ಣೆ.

ಇಲ್ಲಿ ಪ್ರಭುಗಳ ಹಿಂದಿನ ಒಂದು ಕಾರ್ಯವು ಫಲಕೊಟ್ಟಿತು. ಜೇಮ್‌ಸೇಟಜಿ ಟಾಟಾರ ಸಂಕಲ್ಪದ ವಿಜ್ಞಾನ ಮಂದಿರಕ್ಕೆ ಬೆಂಗಳೂರಿನಲ್ಲಿ ೩೭೧ ಎಕರೆ ಭೂಮಿಯನ್ನು ಸಂಸ್ಥಾನವು ದಾನಮಾಡಿದ್ದಿತು. ಆ ಮಂದಿರದಲ್ಲಿದ್ದ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನಜ್ಞರು ಗಂಧದ ಪುಡಿಯ ಮೇಲೆ ಹಬೆ ಹಾಯಿಸಿ ಪ್ರಯೋಗ ನಡೆಸಿದರು. ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾಗಿದ್ದ ಆಲ್‌ಫ್ರೆಡ್ ಚ್ಯಾಟರ್ಟನ್ನರು ಅದನ್ನು ಕಾರ್ಖಾನೆಯ ಮಟ್ಟಕ್ಕೆ ತಂದರು. ೧೯೧೬ರಲ್ಲಿ ಸರಕಾರದ ಗಂಧದೆಣ್ಣೆಯ ಕೈಗಾರಿಕೆ ಆರಂಭವಾಯಿತು. ತಿರುಳನ್ನೂ ಬೇರನ್ನೂ ನುಣ್ಣಗೆ ಪುಡಿಮಾಡಿ ದೊಡ್ಡ ಪಾತ್ರೆಗಳಲ್ಲಿ ತುಂಬಿ ದಿನಗಟ್ಟಲೆ ಹಬೆ ಹಾಯಿಸಬೇಕು. ನೂರು ಸೇರು ಪುಡಿಗೆ ನಾಲ್ಕರಿಂದ ಆರು ಸೇರು ಎಣ್ಣೆ. ಅದು ಬಲು ನಿಧಾನವಾಗಿ ಆರುವ ಎಣ್ಣೆಯಾದುದರಿಂದ ತನ್ನ ಪರಿಮಳವನ್ನು ಮಾತ್ರವಲ್ಲದೆ ಜತೆಗೆ ಬೆರೆತ ಹೂವಿನ ಪರಿಮಳವನ್ನೂ ಹಿಡಿದು ನಿಲ್ಲಿಸುತ್ತದೆ. ಅತ್ತರಿನವರು ಅದನ್ನು ಬಯಸುವುದು ಇದಕ್ಕಾಗಿಯೇ.

ಸಾಬೂನಿನ ಹುಟ್ಟಿಗೆ ಒಂದು ಕಥೆಯನ್ನು ಹೇಳುತ್ತಾರೆ. ಫ್ರಾನ್ಸ್ ದೇಶದ ಇಬ್ಬರು ಅತಿಥಿಗಳು ಮೈಸೂರಿನ ಗಂಧದೆಣ್ಣೆಯಿಂದಲೇ ತಯಾರಾದ ಸಾಬೂನನ್ನು ಮಹಾರಾಜರಿಗೆ ಕಾಣಿಕೆಯಾಗಿ ಒಪ್ಪಿಸಿದರಂತೆ. ನಮ್ಮ ಪದಾರ್ಥವು ನಮಗೇ ಪರರ ಕಾಣಿಕೆಯಾಗಿ ಬಂದುದು ಅವರ ಮನಸ್ಸನ್ನು ಚುಚ್ಚಿತಂತೆ. ಕಥೆ ಹೇಗಾದರೂ ಇರಲಿ, ಮುಂದೆ ನಡೆದುದು ಕಥೆಯಲ್ಲ. ಸೋಸಲೆ ಗರಳಪುರಿ ಶಾಸ್ತ್ರಿಗಳೆಂಬ ತರುಣ ರಸಾಯನಜ್ಞರನ್ನು ಸಾಬೂನು ಮತ್ತು ಸುಗಂಧದ್ರವ್ಯಗಳ ವಿದ್ಯೆಯನ್ನು ಕಲಿತುಬರಲು ಇಂಗ್ಲೆಂಡಿಗೆ ಕಳುಹಿಸಲಾಯಿತು. ವೈದಿಕ ಮನೆತನದ ಹೆಸರುಳ್ಳವರೊಬ್ಬರು ಕಡಲು ದಾಟಿ ಸಾಬೂನು ಬೇಯಿಸಲು ಕಲಿತುಬಂದುದು ಆ ಕಾಲಕ್ಕೆ ಸಣ್ಣ ಮಾತಲ್ಲ. ಜನರು ಅವರನ್ನು ಸಾಬೂನು ಶಾಸ್ತ್ರಿಗಳೆಂದೇ ಕರೆದರು. ೧೯೧೮ರಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿನ ಸಮೀಪದ ಸರಕಾರಿ ಕಾರ್ಖಾನೆಯಿಂದ ಮೈಸೂರು ಸ್ಯಾಂಡಲ್ ಸಾಬೂನು ಹೊರಬಂದಿತು. ಅಂಡಾಕೃತಿಯ ಬಿಲ್ಲೆ, ತೆಳುಗಾಗದದ ಒಳಹೊದಿಕೆ, ಒಡವೆಯ ಪೆಟ್ಟಿಗೆಯನ್ನು ಹೋಲುವ ಕರಂಡ, ಮೇಲೆ ಆನೆಯ ತಲೆ ಸಿಂಹದ ಮೈಯ ಶರಭದ ಮುದ್ರೆ. ಪರದೇಶದ ಸಾಬೂನಿಗೆ ಸರಿಗಟ್ಟಬೇಕಾದರೆ ನೋಟದಲ್ಲಿಯೂ ಸರಿಗಟ್ಟಬೇಕೆಂಬುದನ್ನು ಶಾಸ್ತ್ರಿಗಳು ಚೆನ್ನಾಗಿ ಅರಿತಿದ್ದರು. ಸ್ವದೇಶೀ ಎಂದರೆ ಒರಟು, ಅಗ್ಗ, ದೇಶಾಭಿಮಾನಕ್ಕಾಗಿ ಸಹಿಸಿಕೊಳ್ಳಬೇಕಾದುದು ಎಂದು ತಿಳಿದಿದ್ದವರ ಬಾಯಿಯನ್ನು ಈ ಪೆಟ್ಟಿಗೆಯು ಮುಚ್ಚಿಸಿತು.

ಅರಸರ ಸ್ವಂತ ಜೀವನವು ಬಲು ನಿಯಮದ್ದು. ಪೂಜೆ, ಸಂಗೀತ, ಕುದುರೆ, ಕಡತ. ೧೯೩೧ರಲ್ಲಿ ಕೈಲಾಸ ಮಾನಸಸರೋವರದ ಯಾತ್ರೆಯನ್ನೂ ಮಾಡಿಬಂದರು. ಮಕ್ಕಳ ಭಾಗ್ಯವಿರಲಿಲ್ಲ. ೧೯೨೭ರಲ್ಲಿ ಗಾಂಧೀಜಿಯವರು ದೇಹಾಲಸ್ಯದಿಂದ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದಾಗ ಸಂಸ್ಥಾನವು ಅವರನ್ನು ಅತಿಥಿಯಾಗಿ ಸತ್ಕರಿಸಿತು. ಆದರೆ ಅದೇ ಪ್ರಭುಗಳ ಆಳ್ವಿಕೆಯಲ್ಲಿ ೧೯೩೮ರ ಏಪ್ರಿಲಿನಲ್ಲಿ, ವಿದುರಾಶ್ವತ್ಥದಲ್ಲಿ ರಾಷ್ಟ್ರಧ್ವಜದ ಸುತ್ತ ನೆರೆದ ಜನರ ಮೇಲೆ ಪೋಲೀಸರು ಗುಂಡುಹಾರಿಸಿದರು. ಪ್ರಜೆಗಳಿಗೆ ಬೆಳಕು, ನೀರು, ವಿದ್ಯೆ ಎಲ್ಲವನ್ನೂ ಕೊಡಬಲ್ಲ ದೊರೆತನವು ಪ್ರಜೆಗಳು ತಾವಾಗಿ ಕೈಚಾಚಿ ತೆಗೆದುಕೊಳ್ಳುವ ಹಕ್ಕಿನ ಎದುರಿನಲ್ಲಿ ತಡವರಿಸಿತೆಂಬುದನ್ನು ಅವರನ್ನು ಪ್ರೀತಿಸುವವರೂ ಒಪ್ಪಬೇಕಾಗುವುದು.

ಗಂಧದ ಮರದ ವಿಷಯದಲ್ಲಿ ನಡೆದುದೂ ಇದೇ. ಕೊರಡು ಎಣ್ಣೆಯಾಯಿತು, ಎಣ್ಣೆ ಸಾಬೂನಾಯಿತು, ಲಾಭ ಪರದೇಶಕ್ಕೆ ಹೋಗದೆ ನಾಡಿನಲ್ಲಿ ನಿಂತಿತು. ಇದು ಅವರ ಕೀರ್ತಿ. ಆದರೆ ಕೊರಡು ಯಾರ ಬೇಲಿಯಿಂದ ಬಂದಿತೋ ಆತನು ಅದರ ಒಡೆಯನಾಗಲಿಲ್ಲ. ಹೊಲದವನಿಗೆ ಬೆಲೆಯಲ್ಲಿ ಒಂದಿಷ್ಟು ಪಾಲು ಕೊಡುವ ಏರ್ಪಾಡು ಬಂದರೂ, ಮರ ಅವನದೆಂಬ ಮಾತು ಶಾಸನದಲ್ಲಿ ಬರಲಿಲ್ಲ. ಕಾರ್ಖಾನೆಗೆ ಕೊರಡು ತಪ್ಪದೆ ಒದಗಬೇಕಾದುದರಿಂದ ಹಳೆಯ ಕಟ್ಟಳೆಯು ಸಡಿಲವಾಗುವುದಕ್ಕೆ ಬದಲು ಇನ್ನಷ್ಟು ಬಿಗಿಯಾಯಿತೆಂದೇ ನಮಗೆ ತೋರುತ್ತದೆ. ದೋಷವನ್ನು ಅವರೊಬ್ಬರ ತಲೆಗೆ ಕಟ್ಟುವುದೂ ಅನ್ಯಾಯ. ಅವರು ೧೯೪೦ರ ಆಗಸ್ಟ್ ೩ರಂದು ಬೆಂಗಳೂರಿನ ಅರಮನೆಯಲ್ಲಿ ಕಾಲವಾದರು. ಏಳು ವರ್ಷಗಳಲ್ಲಿ ದೇಶ ಸ್ವತಂತ್ರವಾಯಿತು, ಪ್ರಜಾಸರಕಾರ ಬಂದಿತು. ಆ ಸರಕಾರವೂ ೧೯೬೩ರ ಅರಣ್ಯ ಶಾಸನದಲ್ಲಿ ರಾಜವೃಕ್ಷದ ತತ್ತ್ವವನ್ನು ಬಿಡಲಿಲ್ಲ. ಹೊಲದಲ್ಲಿರುವ ಗಂಧದ ಮರ ಹೊಲದವನದೆಂದು ಕರ್ನಾಟಕದ ಶಾಸನವು ಒಪ್ಪಿದುದು ೨೦೦೧ರ ತಿದ್ದುಪಡಿಯಲ್ಲಿ. ಆಗಲೂ ಮನಬಂದವರಿಗೆ ಮಾರುವಂತಿರಲಿಲ್ಲ, ಸರಕಾರದ ಇಲಾಖೆಗೋ ಸಂಸ್ಥೆಗೋ ಮಾರಬೇಕಾಗಿದ್ದಿತು. ಟಿಪ್ಪುವಿನ ಘೋಷಣೆಯಿಂದ ಎಣಿಸಿದರೆ ೨೦೯ ವರ್ಷ. ಅಷ್ಟರೊಳಗೆ ಕಳ್ಳರೂ ಕದಿರುರೋಗವೂ ಕಾಡನ್ನು ಬರಿದುಮಾಡಿದ್ದುವು. ಸಸಿ ಕೀಳುವ ಅಭ್ಯಾಸವು ಹೊಲಗಳನ್ನು ಬರಿದುಮಾಡಿದ್ದಿತು. ನಮ್ಮದೇ ಜಾತಿಯ ಗಂಧವನ್ನು ಇಂದು ಆಸ್ಟ್ರೇಲಿಯದಲ್ಲಿ ಸಾವಿರಾರು ಎಕರೆಗಳಲ್ಲಿ ತೋಟವಾಗಿ ಬೆಳೆಸಿದ್ದಾರೆ. ೧೯೧೪ರಲ್ಲಿ ಎಣ್ಣೆ ಇಳಿಸುವ ವಿದ್ಯೆ ಪರದೇಶದ್ದು, ಮರ ನಮ್ಮದು. ಈಗ ವಿದ್ಯೆ ನಮ್ಮಲ್ಲಿದೆ, ಮರಕ್ಕೆ ಹುಡುಕಾಟ.

ಇಷ್ಟನ್ನೂ ಆ ದಿನ ಆ ವೃದ್ಧರಿಗೆ ಹೇಳಲಾಗಲಿಲ್ಲ. ೨೦೦೧ರ ತಿದ್ದುಪಡಿಯ ಮಾತೊಂದನ್ನು ಮಾತ್ರ ತಿಳಿಸಿದೆವು. ಅವರು ಕತ್ತಿಯನ್ನು ಒರೆಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, ಹುಣಸೂರಿನ ಹೊಲವನ್ನು ತಂದೆಯ ಕಾಲದಲ್ಲಿಯೇ ಮಾರಿಯಾಯಿತೆಂದರು. ತರುವಾಯ ಪಟಿಕವನ್ನು ಸವರಿ, ಗಂಧದ ಸಾಬೂನಿನ ಸವೆದ ಬಿಲ್ಲೆಯನ್ನು ನಮ್ಮ ಕೈಗಿತ್ತು ನೀರು ಎರೆದರು. ಪಕ್ಕದ ದಿನಸಿಯಂಗಡಿಯಲ್ಲಿ ನಾವೂ ಒಂದು ಪೆಟ್ಟಿಗೆಯನ್ನು ಕೊಂಡೆವು. ಬಸ್ಸು ಹೊರಟು ಕೊಡಗಿನ ಸಂಪಾಜೆಯನ್ನು ಮುಟ್ಟಿದಾಗ ಅರಣ್ಯದವರ ತಪಾಸಣೆಯ ಗೇಟಿನಲ್ಲಿ ಒಬ್ಬ ಪಹರೆಯವನು ಹತ್ತಿ ಚೀಲಗಳನ್ನು ಮುಟ್ಟಿನೋಡಿದನು. ನಮ್ಮ ಚೀಲದಿಂದ ಗಂಧದ ವಾಸನೆ ಬರುತ್ತಿದ್ದಿತು. ಅವನು ಬಾಯಿ ಬಿಚ್ಚಿಸಿ, ಶರಭದ ಮುದ್ರೆಯ ಪೆಟ್ಟಿಗೆಯನ್ನು ಕಂಡು, ನಕ್ಕು ಇಳಿದುಹೋದನು.